ತಗ್ಗಿಸಿದ ದನಿ

ಹೆಡ್‌ಫೋನನ್ನು ಕಿವಿಯಿಂದ ತೆಗೆದು ಮೇಜಿನ ಮೇಲೆ ಇಟ್ಟರೂ ಅದರೊಳಗಿನ ಮಾತು ನಿಲ್ಲಲಿಲ್ಲ. ಬೆಂಕಿಪೊಟ್ಟಣದಲ್ಲಿ ಸಿಕ್ಕ ಜೀರುಂಡೆಯ ಹಾಗೆ ಸಣ್ಣಗೆ ಗಿರಿಗುಡುತ್ತಿತ್ತು. ನಿಲ್ಲಿಸಲು ಒಂದು ಗುಂಡಿ ಒತ್ತಿದರೆ ಸಾಕು, ಆ ಗುಂಡಿ ಎಲ್ಲಿದೆಯೆಂದು ಸಮತಾಳ ಬೆರಳಿಗೆ ಗೊತ್ತು. ಆದರೆ ಬೆರಳು ಅಲ್ಲಿಯವರೆಗೆ ಹೋಗಿ ನಿಂತುಬಿಟ್ಟಿತ್ತು. ಕೇಳಬಾರದ್ದನ್ನು ಕೇಳುತ್ತಿದ್ದೇನೆಂದು ತಿಳಿಯುವ ಮೊದಲು ಕೇಳಿದ್ದೆಷ್ಟು, ತಿಳಿದ ಮೇಲೆ ಕೇಳಿದ್ದೆಷ್ಟು ಎಂದು ಬೇರೆ ಮಾಡಲು ನೋಡಿದಳು. ಆಗಲಿಲ್ಲ. ಹೆಡ್‌ಫೋನನ್ನು ಮತ್ತೆ ಕಿವಿಗೆ ಹಾಕಿಕೊಂಡು, ಮೊದಲಿನಿಂದ ಹಚ್ಚಿದಳು. ಈ ಸಲ ಬೇರೆ ಮಾಡುವ ಕಷ್ಟವೇ ಇರಲಿಲ್ಲ. ಈಗ ಕೇಳುತ್ತಿರುವುದೆಲ್ಲ ಬೇಕೆಂದೇ.

ಮೊದಲಿಗೆ ಅವಳದೇ ದನಿ. ಹೋದ ಸಭೆಯ ರೆಕಾರ್ಡಿಂಗಿನಲ್ಲಿ ಸರಿಯಾಗಿ ತಿಳಿಯದ ಹೆಸರುಗಳನ್ನು ನಿನ್ನೆ ಸಂಜೆ ತನಗೆ ತಾನೇ ಹೇಳಿಟ್ಟುಕೊಂಡದ್ದು. ಕಾಗದದ ಮೇಲೆ ಬರೆದಿಟ್ಟುಕೊಳ್ಳಲಾಗದವಳಿಗೆ ಅದೇ ಚೀಟಿ. ಆಮೇಲೆ ಅವ್ವನ ಫೋನು, ಕುರ್ಚಿ ಸರಿದದ್ದು, ಕಸ ಗುಡಿಸುವ ಪಕ್ಕೀರಮ್ಮ ಬಾಗಿಲಲ್ಲಿ ನಿಂತು "ಆಟೋ ಬಂತವ್ವ, ಮೆಟ್ಲ ಮ್ಯಾಲೆ ನೀರು ಚೆಲ್ಲೈತಿ, ನೋಡ್ಕೊಂಡು" ಎಂದದ್ದು. ರೆಕಾರ್ಡಿಂಗ್ ನಿಲ್ಲಿಸುವುದನ್ನು ಮರೆತು ಎದ್ದುಹೋಗಿದ್ದಳು. ಆಮೇಲೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು. ಅದೇ ಕಂಪ್ಯೂಟರಿನಲ್ಲಿ ತೂಕದ ಲೆಕ್ಕ ಬರೆಯುವ ಕೊಟ್ರಸ್ವಾಮಿಯವರ ಕೆಮ್ಮು. ಅವರು ಅವಳ ಹೆಸರಿನಿಂದ ತಮ್ಮ ಹೆಸರಿಗೆ ಕಂಪ್ಯೂಟರನ್ನು ಬದಲಾಯಿಸಿಕೊಂಡ ನಾಲ್ಕಾರು ಗುಂಡಿಗಳ ಟಕಟಕ. ಅಲ್ಲಿಗೆ ಅವಳ ರೆಕಾರ್ಡಿಂಗ್ ನಿಲ್ಲಬೇಕಿತ್ತು. ಕುರ್ಚಿಯಲ್ಲಿ ಈಗ ಅವಳಿಲ್ಲ. ಅವಳ ಹೆಸರು ಹಿಂದೆ ಸರಿದಿದೆ. ಆದರೂ ಮೈಕು ಮೇಜಿನ ಮೇಲೆ ಮಗ್ಗುಲಾಗಿ ಮಲಗಿ ಕೇಳುತ್ತಲೇ ಇತ್ತು. ರೈತರ ಸಂಘದ ಕಾರ್ಯದರ್ಶಿ ಬೆನಕಪ್ಪನವರು ಒಳಬಂದು, ಬಾಗಿಲ ಹತ್ತಿರವೇ ಕೇಳಿದರು:

"ಆಕಿ ಹೋದ್ಲೇನು?"

"ಹೋದ್ಲರಿ. ಈಗಿನ್ನ ಆಟೋ ಹತ್ತಿದ್ಲು."

"ಎರಡು ಸಭಾದ್ದು ನಡಾವಳಿ ಹಂಗ ಬಿದ್ದಾವ. ಆಡಿಟ್‌ನವರು ಬಂದ್ರ ನನ್ನ ಕೊಳ್ಳಿಗೆ ಬೀಳ್ತಾರ. ನಾಳಿ ಸಭಾದಾಗ ಒಂದು ವಿಷಯ ಇಡ್ತೀನಿ. ಆಕೀನ ಬಾಗಿಲ ಹತ್ರ ಫೋನಿಗೆ ಕುಂದ್ರಿಸಿದ್ರ ಹೆಂಗ?"

"ಅದ ಚಲೋ ನೋಡ್ರಿ. ಪಾಪ, ಕಣ್ಣಿಲ್ಲದಾಕಿ. ಯಾಕ ಆಕಿಗೆ ಈ ತ್ರಾಸ? ಬಾಗಿಲ ಹತ್ರ ಗಾಳಿನೂ ಬರ್ತತಿ. ಟೈಪಿಂಗ್ ನಾನ ಮಾಡ್ತೀನಿ ಬಿಡ್ರಿ, ತೂಕದ ಕೆಲಸ ಮುಗಿಸಿ."

"ನಿನ್ನ ಹೆಡ್‌ಫೋನ್ ಮೊದಲ ಕೊಟ್ಟಿದ್ರ ಇಷ್ಟು ಬಾಕಿನೂ ಉಳೀತಿರಲಿಲ್ಲೇನೋ. ಡ್ರಾದಾಗಿಟ್ಟು ಕೀಲಿ ಹಾಕ್ತಿ."

ಇಲ್ಲಿ ಫ್ಯಾನಿನ ಸದ್ದು ಬಹಳ ಹೊತ್ತು. ಆಮೇಲೆ ಕೊಟ್ರಸ್ವಾಮಿಯವರ ದನಿ, ಮೈಕಿಗೆ ಹತ್ತಿರವಾಗಿ, ತಲೆ ತಗ್ಗಿಸಿರಬೇಕು: "ಅದು ಕೊಡೂವಂಥದ್ದಲ್ಲ ಸಾಹೇಬ್ರ. ನನ್ನ ಕಿವಿ ಸೋರ್ತತಿ, ಸಣ್ಣಾಂವ ಇದ್ದಾಗಿಂದ. ಮನ್ಯಾಗ ಬಿಟ್ರ ಯಾರಿಗೂ ಗೊತ್ತಿಲ್ಲ. ಆ ಕೂಸಿಗೆ ಹತ್ತಿದ್ರ ಹೆಂಗ್ರಿ? ಆಕಿಗೆ ಇರೋದ ಕಿವಿ."

ಸಮತಾ ಈಗ ಗುಂಡಿ ಒತ್ತಿದಳು. ಕೋಣೆಯ ಸದ್ದು ಒಮ್ಮೆಲೇ ಹತ್ತಿರ ಬಂತು. ಹೊರಗೆ ಮೆಕ್ಕೆಜೋಳ ಸುರಿಯುತ್ತಿದ್ದರು. ಚೀಲದ ಬಾಯಿಂದ ರಾಶಿಗೆ ಬೀಳುವ ಕಾಳಿನ ಸದ್ದು ಮೊದಲು ಜೋರಾಗಿ, ಚೀಲ ಬರಿದಾಗುತ್ತ ಬಂದಂತೆ ತೆಳ್ಳಗಾಗಿ, ಕಡೆಗೆ ಎಣಿಸಬಹುದಾದಷ್ಟು ಕಾಳಾಗಿ ನಿಲ್ಲುತ್ತಿತ್ತು. ಅವಳ ಕಣ್ಣಿಗೆ ಉಳಿದಿರುವುದು ಬೆಳಕು ಮತ್ತು ನೆರಳು ಮಾತ್ರ. ಕಿಟಕಿಯೆಂದರೆ ಬಲಗಡೆ ತೂಗುಬಿಟ್ಟ ಒಂದು ಬಿಳಿ ಬಟ್ಟೆ. ಆ ಬಟ್ಟೆಯ ಕಡೆ ಮುಖ ಮಾಡಿ ಕೂತಳು. ಪಕ್ಕೀರಮ್ಮ ಕಸ ಗುಡಿಸಿ ಕುರ್ಚಿಯನ್ನು ಅದೇ ಜಾಗಕ್ಕೆ, ಒಂದು ಬೆರಳೂ ಆಚೀಚೆ ಆಗದ ಹಾಗೆ ತಂದಿಟ್ಟಿದ್ದಳು. ದಿನವೂ ಹಾಗೆಯೇ ಇಡುತ್ತಾಳೆ, ಹೇಳಿಕೊಳ್ಳುವುದಿಲ್ಲ. ಕೊಟ್ರಸ್ವಾಮಿಯವರೂ ಅಷ್ಟೆ. ಚಹಾದ ಲೋಟವನ್ನು ಅವಳ ಬಲಗೈಗೆ ಸಿಗುವಲ್ಲಿ ಇಟ್ಟು, ಇಟ್ಟದ್ದು ತಿಳಿಯಲೆಂದು ಬೆರಳಿನಿಂದ ಮೇಜನ್ನು ಒಮ್ಮೆ ತಟ್ಟುತ್ತಾರೆ. ಅವರನ್ನು ಆ ಒಂದು ತಟ್ಟುವಿಕೆಯ ಮನುಷ್ಯ ಎಂದುಕೊಳ್ಳಲು ಅವಳು ಎಷ್ಟೋ ಸಲ ಪ್ರಯತ್ನಪಟ್ಟಿದ್ದಳು. ಆದರೆ ಪ್ರತಿ ಸಲವೂ ಡ್ರಾಯರಿನ ಕೀಲಿ ತಿರುಗಿದ ಸದ್ದು ಅಡ್ಡ ಬರುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ "ಸ್ವಾಮೇರ, ಒಂದು ಗಳಿಗಿ ನಿಮ್ಮ ಹೆಡ್‌ಫೋನ್ ಕೊಡ್ತೀರೇನ್ರಿ" ಎಂದು ಕೇಳಿದ್ದಳು. ಡ್ರಾಯರು ಮುಚ್ಚಿತು, ಕೀಲಿ ತಿರುಗಿತು. ಅಷ್ಟು ಸಾಕಾಗಿತ್ತು ಅವಳಿಗೆ. ಯಾಕೆಂದು ಯಾರಾದರೂ ಬಿಡಿಸಿ ಹೇಳಬೇಕಾದ ಊರಿನಲ್ಲಿ ಹುಟ್ಟಿದವಳಲ್ಲ ಅವಳು. ಸಂಜೆ ಅವ್ವ ಮಾಳಮ್ಮನಿಗೆ ಹೇಳಿದಾಗ ಅವ್ವ ಸೊಪ್ಪು ಸೋಸುವುದನ್ನು ನಿಲ್ಲಿಸಲೂ ಇಲ್ಲ, "ಇರ್ಲಿ ಬಿಡು" ಎನ್ನಲೂ ಇಲ್ಲ. ಆ ಕೀಲಿಯ ಸದ್ದಿನ ಮೇಲೆ ಎಷ್ಟು ದಿನ ಸಿಟ್ಟು ಕಟ್ಟಿದ್ದಳು! ಎಷ್ಟು ಒಳ್ಳೆಯ, ಗಟ್ಟಿಯಾದ ಸಿಟ್ಟು ಅದು! ಅದನ್ನು ಈಗ ಕೆಳಗೆ ಇಡಬೇಕಾಗಿ ಬಂದದ್ದು ಅವಳಿಗೆ ಹಗುರ ಎನಿಸಲಿಲ್ಲ, ಅವಮಾನ ಎನಿಸಿತು. ತನ್ನ ಕಿವಿಯನ್ನು ಕಾಯ್ದ ಮನುಷ್ಯ ಅದೇ ಉಸಿರಿನಲ್ಲಿ ತನ್ನ ಕುರ್ಚಿಯನ್ನೂ ಎತ್ತಿ ಬಾಗಿಲ ಹತ್ತಿರ ಇಡುತ್ತಿದ್ದಾನೆ, ಗಾಳಿ ಬರುತ್ತದೆಂದು. ಯಾವುದಕ್ಕೆ ಋಣಿಯಾಗಬೇಕು, ಯಾವುದರ ಮೇಲೆ ಸಿಟ್ಟಾಗಬೇಕು?

ಗಾಳಿ. ಅವಳು ಆ ಮಾತನ್ನು ಬಾಯೊಳಗೆ ಹೊರಳಿಸಿದಳು. ತನ್ನೂರು ಹಲವಾಗಲಿನಲ್ಲಿ ಹೊಳೆಯ ಕಡೆಯಿಂದ ಸಂಜೆ ಗಾಳಿ ಬರುತ್ತಿತ್ತು, ಪಂಚಾಯ್ತಿ ಕಟ್ಟೆಯ ಹಿಂದೆ. ಅಜ್ಜ ಜೋಗಪ್ಪ ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಕಣ್ಣು ಇನ್ನೂ ಪೂರ್ತಿ ಮಸುಕಾಗದ ಕಾಲ. ಅಜ್ಜನ ರುಮಾಲಿನ ಅಂಚು, ಗೋಡೆಯ ಸುಣ್ಣ, ಮೇಲೆ ಕಿಟಕಿಯ ಸರಳು ಅವಳಿಗೆ ಈಗಲೂ ಕಾಣುತ್ತವೆ. ಒಳಗೆ ಪಂಚಾಯ್ತಿಯ ರೇಡಿಯೋ. ವಾರ್ತೆಯ ಹೊತ್ತಿಗೆ ಒಳಗಿನ ಒಬ್ಬ ಮನುಷ್ಯ, ಹೆಸರು ಅವಳಿಗೆ ತಿಳಿಯದು, ದಿನವೂ ಆ ರೇಡಿಯೋವನ್ನು ಮೇಜಿನಿಂದ ಎತ್ತಿ ಕಿಟಕಿಯ ಮೇಲೆ ತಂದಿಡುತ್ತಿದ್ದ, ಹೊರಗಿನವನಿಗೆ ಚೆನ್ನಾಗಿ ಕೇಳಲೆಂದು. ಅಜ್ಜ ಅವನನ್ನು ಸಾಯುವ ತನಕ ಹೊಗಳಿದ. "ಎಷ್ಟು ಚಲೋ ಮನಸ್ಯಾ" ಎನ್ನುತ್ತಿದ್ದ. ಒಮ್ಮೆ ವಾರ್ತೆಯ ನಡುವೆ ಗರಗರ ಸದ್ದು ಬಂದು ಏನೂ ಕೇಳದಾಯಿತು. ಅಜ್ಜನ ಕೈ ತಾನಾಗಿ ಮೇಲೆದ್ದಿತು, ಗುಂಡಿ ತಿರುವಲು. ಸರಳಿನವರೆಗೆ ಹೋಗಿ, ಅಲ್ಲಿಂದ ಇಳಿದು ರುಮಾಲನ್ನು ಸರಿ ಮಾಡಿಕೊಂಡಿತು. ಆ ಒಳ್ಳೆಯ ಮನುಷ್ಯ ರೇಡಿಯೋವನ್ನು ಅಷ್ಟೊಂದು ಸಲ ಎತ್ತಿ ತಂದ. "ಒಳಗ ಬಾ ಜೋಗಪ್ಪ" ಎಂದು ಒಂದು ಸಲ ಅಂದಿದ್ದರೆ ಎತ್ತುವ ಕಷ್ಟವೇ ಇರುತ್ತಿರಲಿಲ್ಲ. ಅದು ಅವನಿಗೆ ಹೊಳೆಯಲಿಲ್ಲವೋ, ಹೊಳೆದೂ ಬಾಯಿಗೆ ಬರಲಿಲ್ಲವೋ. ಅಜ್ಜನಿಗಾದರೂ ಹೊಳೆಯಿತೋ ಇಲ್ಲವೋ.

ಮೇಜಿನ ಮೇಲೆ ಫೋನು ಅಲುಗಿತು. ಕೊಟ್ಟೂರಿನ ಮಾರೇಶ್. ಕಂಪ್ಯೂಟರ್ ರಿಪೇರಿಯವನು. ಬೆಳಿಗ್ಗೆ ರೆಕಾರ್ಡಿಂಗ್ ಇನ್ನೂ ಓಡುತ್ತಲೇ ಇರುವುದು ತಿಳಿದೊಡನೆ, ಏನು ಸಿಕ್ಕಿದೆಯೆಂದು ಕೇಳುವ ಮೊದಲೇ, ಅವಳು ಅವನಿಗೆ ಫೋನು ಮಾಡಿದ್ದಳು, ಅವನು ಎತ್ತಿರಲಿಲ್ಲ. ಹೋದ ವಾರ ಅವನೇ ಬಂದು ಹೊಸ ಹೆಡ್‌ಫೋನ್ ಸಿಕ್ಕಿಸಿ, "ಇನ್ನ ತ್ರಾಸಿಲ್ಲಕ್ಕ" ಎಂದು ಹೋಗಿದ್ದ. ಅದಕ್ಕೂ ಮೊದಲು ಎರಡು ತಿಂಗಳು ಕಂಪ್ಯೂಟರ್ ಅವಳಿಗೆ ಮೂಕವಾಗಿತ್ತು. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಆ ತಗಡಿನ ದನಿ ಇದ್ದರಷ್ಟೇ ಅವಳಿಗೆ ಕಂಪ್ಯೂಟರ್ ಕಂಪ್ಯೂಟರು. ಇಲ್ಲವಾದರೆ ತಣ್ಣನೆಯ ಕಲ್ಲು. ಕೊಟ್ರಸ್ವಾಮಿ ತಮ್ಮ ತೂಕದ ಲೆಕ್ಕ ಮುಗಿಸಿ ಎದ್ದ ಮೇಲೆ ಅವಳು ತನ್ನ ಹೆಸರಿಗೆ ಹೋದರೆ ಬರೀ ಮೌನ. ಕೆಲವು ದಿನ ಬರುತ್ತಿತ್ತು, ಬಹಳ ದಿನ ಬರುತ್ತಿರಲಿಲ್ಲ. ಯಾರಿಗೆ ಹೇಳಿದರೂ "ನನಗ ಕೇಳ್ತತಲ್ಲ" ಎನ್ನುತ್ತಿದ್ದರು. ತನಗೇ ಕಿವಿಯೂ ಹೋಗುತ್ತಿದೆಯೋ ಎಂದು ಬಚ್ಚಲಲ್ಲಿ ನಿಂತು ನಲ್ಲಿಯ ಹನಿಯನ್ನು ಆಲಿಸಿ ಪರೀಕ್ಷೆ ಮಾಡಿಕೊಂಡದ್ದಿದೆ.

"ಮಾರೇಶಾ, ನಾನು ಎದ್ದುಹೋದ ಮ್ಯಾಲೂ ನನ್ನ ಮೈಕ್ ನಡೀತಿತ್ತು. ಸ್ವಾಮೇರು ಅವರ ಹೆಸರಿನ್ಯಾಗ ಕುಂತಾಗ. ಹಂಗ್ಯಾಕ ಆತು?"

"ಆಗ್ತತಕ್ಕ. ನಾನ ಹಂಗ ಮಾಡೀನಿ. ಸೌಂಡಿಗೆ ಒಂದು ಪಟ್ಟಿ ಐತಿ. ಅದರಾಗ ಹೆಸರು ಹಾಕಿದ್ರ, ಕುಂತಿರ್ಲಿ ಎದ್ದಿರ್ಲಿ, ಯಾವಾಗ್ಲೂ ಅವರಿಗೆ ಹಕ್ಕು. ಕೊಟ್ರಸ್ವಾಮಿಯವರ ಹೆಸರು ಮೊದಲ ಯಾರೋ ಹಾಕಿಬಿಟ್ಟಿದ್ರು. ಅದಕ್ಕ ಅವರು ಎದ್ರೂ ಅವರ ಹಾಡು ಸ್ಪೀಕರ್ ಬಿಡ್ತಿರಲಿಲ್ಲ. ನಿನಗೂ ಸಮ ಆಗ್ಲಿ ಅಂತ ನಿಂದೂ ಹಾಕಿದೆ."

"ಹಾಡು? ಯಾವ ಹಾಡು? ನನಗ ಯಾವ ಹಾಡೂ ಕೇಳಂಗಿಲ್ಲ."

"ದನಿ ಪೂರ್ತಿ ತಗ್ಗಿಸಿರ್ತಾರಕ್ಕ. ಹಾಡು ಒಳಗ ನಡೀತಾನ ಇರ್ತತಿ. ನಾ ಬಂದಾಗ ನೋಡಿದ್ನಲ್ಲ. ಮುಂಜಾನಿ ದೇವರ ಹಾಡು ಹಚ್ಚಿದ್ದು ನಿಲ್ಲಿಸಬಾರದಂತ, ದೀಪ ಆರಿಸಿದಂಗ ಆಗ್ತತಂತ. ಹಂಗಂತ ಜೋರು ಇಟ್ರ ನಿನಗ ಅಡ್ಡಿ. ಅದಕ್ಕ ತಗ್ಗಿಸಿ ಇಡ್ತೀನಿ ಅಂದ್ರು."

ಸಮತಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ತನಗೆ ಅಡ್ಡಿಯಾಗಬಾರದೆಂದು ತಗ್ಗಿಸಿದ ಹಾಡು. ಯಾರಿಗೂ ಕೇಳದ ಆ ಹಾಡು ದಿನವಿಡೀ ಸ್ಪೀಕರನ್ನು ತುಂಬಿಕೊಂಡು ಕೂತು ಅವಳ ಬಾಯಿ ಕಟ್ಟಿತ್ತು.

"ಪಟ್ಟಿಯಿಂದ ಹೆಸರು ತಗದ್ರ?"

"ಇಬ್ಬರದೂ ತಗದ್ರ ಚಲೋ ಅಕ್ಕ, ಖರೇ ಅಂದ್ರ ಅದ ಸರಿ. ಆವಾಗ ಕಂಪ್ಯೂಟರ್ ತಾನ ನೋಡ್ಕೋತತಿ. ಯಾರು ಮುಂದ ಕುಂತಿರ್ತಾರ ಅವರಿಗೆ ಸೌಂಡು, ಮೈಕು. ಎದ್ದವರಿಂದ ತಗೊಂಡು ಕುಂತವರಿಗೆ ಕೊಡ್ತತಿ. ಹೋದ ವಾರ ನನಗ ಬಸ್ಸಿಗೆ ಹೊತ್ತಾಗಿತ್ತು, ಸುಮ್ನ ಸಣ್ಣ ದಾರಿ ಹಿಡಿದೆ. ನಿನ್ನ ಹೆಸರಿಗೆ ಆಡಳಿತದ ಹಕ್ಕೂ ಕೊಟ್ಟೀನಿ, ನೀನ ತಗೀಬಹುದು. ಹೇಳ್ತೀನಿ, ಟೈಪ್ ಮಾಡು. ಆದ್ರ ಇಬ್ಬರೂ ಪೂರ್ತಿ ಹೊರಗ ಬಂದು ಹೊಸದಾಗಿ ಒಳಗ ಹೋದ್ರನ ಅದು ನಡಿಯೋದು. ಸ್ವಾಮೇರು ಹೊರಗ ಬರ್ತಾರೋ ಇಲ್ಲೋ ನೋಡು."

ಅವನು ಹೇಳಿದ್ದನ್ನು ಅವಳು ನೆನಪಿಟ್ಟುಕೊಂಡಳು, ಟೈಪ್ ಮಾಡಲಿಲ್ಲ. ಫೋನು ಇಟ್ಟ ಮೇಲೆ ಕೈ ಗುಂಡಿಗಳ ಮೇಲೆ ಸುಮ್ಮನೆ ಇತ್ತು. ಈಗ ಅವಳಿಗೆ ಇರುವ ದಾರಿಗಳೆಲ್ಲ ಒಂದೊಂದಾಗಿ ಬಂದು ಮುಂದೆ ನಿಂತವು, ಮತ್ತು ಎಲ್ಲವೂ ಸುಲಭವಾಗಿದ್ದವು. ರೆಕಾರ್ಡಿಂಗ್ ಇಟ್ಟುಕೊಳ್ಳಬಹುದು. ಅಧ್ಯಕ್ಷೆ ಶಿವಮ್ಮನವರಿಗೆ ಮೊದಲೇ ಫೋನು ಮಾಡಿ, ಏನೂ ತಿಳಿಯದವಳ ಹಾಗೆ, ತನ್ನ ಕೆಲಸದ ಬಗ್ಗೆ ಎರಡು ಒಳ್ಳೆಯ ಮಾತು ಹಾಕಬಹುದು. ಕೊಟ್ರಸ್ವಾಮಿಯವರ ಹೆಸರನ್ನು ಅವರಿಗೆ ಹೇಳದೆಯೇ ತೆಗೆಯಬಹುದು. ಅವರ ಹಾಡು ಯಾಕೆ ನಿಂತಿತೆಂದು ಅವರಿಗೆ ಗೊತ್ತೂ ಆಗುವುದಿಲ್ಲ, ಎರಡು ತಿಂಗಳು ತನಗೆ ಗೊತ್ತಾಗದ ಹಾಗೆ. ಈ ಕೊನೆಯದು ರುಚಿಯಾಗಿತ್ತು. ಆ ರುಚಿಗೆ ನಾಲಿಗೆ ಒಂದು ಗಳಿಗೆ ಅಂಟಿಕೊಂಡಿತು. ಆದರೆ ಬಾಗಿಲ ಹತ್ತಿರ ಕೂತು ಇನ್ನೊಬ್ಬರ ಮಾತನ್ನು ಒಳಗೆ ಕಳಿಸುವ ಫೋನಿನವಳಾಗುವುದು ಬೇಡವೆನ್ನುವವಳು, ಬಾಗಿಲಿಗೆ ಕಿವಿ ಕೊಟ್ಟು ಸಿಕ್ಕಿದ್ದರಿಂದ ಕುರ್ಚಿ ಉಳಿಸಿಕೊಂಡರೆ, ಕೂರುವುದು ಎಲ್ಲಿ? ಅಜ್ಜನಂತೂ ಹೊರಗೆ ಕೂತು ಕೇಳಿದ್ದನ್ನು ಹೊರಗೇ ಕೂತು ಕೇಳಿದೆ ಎಂದಿದ್ದ. ಅವಳು ರೆಕಾರ್ಡಿಂಗನ್ನು ಹುಡುಕಿ ಅಳಿಸಿದಳು. ತಗಡಿನ ದನಿ "ಅಳಿಸಲಾಗಿದೆ" ಎಂದಿತು. ಕಸದ ಬುಟ್ಟಿಯಿಂದಲೂ ಅಳಿಸಿದಳು. ತನ್ನ ಕಿವಿಯಿಂದ ಅಳಿಸಲು ಮಾತ್ರ ಯಾವ ಗುಂಡಿಯೂ ಇರಲಿಲ್ಲ, ಹಾಗಾಗಿ ಉಳಿದದ್ದು ಹೇಳುವುದೊಂದೇ.

ಕೊಟ್ರಸ್ವಾಮಿ ಊಟದ ಹೊತ್ತಿಗೆ ಗೋದಾಮಿನಿಂದ ಬಂದರು. ಮೈಮೇಲೆಲ್ಲ ಜೋಳದ ಹೊಟ್ಟಿನ ವಾಸನೆ. ಚಹಾದ ಲೋಟ ಇಟ್ಟು ಮೇಜು ತಟ್ಟಿದರು.

"ಸ್ವಾಮೇರ, ಒಂದು ಮಾತು. ಕುಂದರ್ರಿ."

"ಏನವ್ವಾ ತಂಗಿ? ಮತ್ತೇನ ಆವಾಜ್ ಬಂದ್ ಆತೇನು?"

"ಬಂದ್ ಆಗಿಲ್ರಿ. ಹೆಚ್ಚಾಗೇತಿ." ಅವಳು ಎಲ್ಲವನ್ನೂ ಹೇಳಿದಳು. ಮೈಕು ಮರೆತದ್ದು, ಪಟ್ಟಿಯಲ್ಲಿನ ಹೆಸರು, ಬಾಗಿಲ ಹತ್ತಿರದ ಗಾಳಿ. ಕಿವಿಯ ವಿಷಯಕ್ಕೆ ಬಂದಾಗ ಅವಳ ದನಿ ತಾನಾಗಿ ಇಳಿಯಿತು. "ಮೊದಲ ಸಲ ಗೊತ್ತಿಲ್ಲದ ಕೇಳಿದೆ. ಎರಡನೇ ಸಲ ಗೊತ್ತಿದ್ದು ಕೇಳಿದೆ. ಈಗ ಅಳಿಸೀನಿ."

ಅವರ ಉಸಿರು ಮೂಗಿನಲ್ಲಿ ಬಿಗಿಯಾಗಿ ಬರುತ್ತಿತ್ತು. ಅವರು ಕೈಯೆತ್ತಿ ಕಿವಿಯ ಮೇಲೆ ಟವೆಲ್ಲು ಎಳೆದುಕೊಂಡ ಸರಸರ ಕೇಳಿಸಿತು. ಕಾಣದವಳ ಎದುರಿಗೂ.

"ನನ್ನ ಹೆಣ್ತಿ ಬಿಟ್ರ ಯಾರ ಮುಂದೂ ಅಂದಿರಲಿಲ್ಲ," ಎಂದರು ಕಡೆಗೆ. "ಸಾಹೇಬ್ರು ಕೇಳಿದ್ರಂತ ಬಾಯಿ ಬಿಟ್ಟೆ. ಕೇಳಬಾರದಿತ್ತು ನೀನು."

"ಕೇಳಬಾರದಿತ್ರಿ."

"ನಿನ್ನ ಒಳ್ಳೇದಕ್ಕ ಮಾತಾಡಿದ್ದೆ ನಾನು."

"ಗೊತ್ತೈತ್ರಿ. ಅದಕ್ಕ ಹೇಳಾಕ ಕಷ್ಟ ಆಗಾಕ ಹತ್ತೈತಿ." ಅವಳು ಲೋಟವನ್ನು ಹುಡುಕಿ ಎರಡೂ ಕೈಯಲ್ಲಿ ಹಿಡಿದಳು. "ಕೆಟ್ಟದಕ್ಕ ಮಾತಾಡಿದ್ರ ಜಗಳ ಆಡತಿದ್ದೆ. ನೀವು ಕೀಲಿ ಹಾಕಿದ ದಿನದಿಂದ ನಾ ನಿಮ್ಮ ಬಗ್ಗೆ ಏನೇನೋ ತಿಳ್ಕೊಂಡೆ, ಸ್ವಾಮೇರ. ಅದನ್ನ ಈಗ ವಾಪಸ್ ತಗೊಂಡೀನಿ. ಆದ್ರ ಕುರ್ಚಿ ಕೊಡಂಗಿಲ್ಲ. ನನಗ ಗಾಳಿ ಬ್ಯಾಡ್ರಿ. ಈ ಕೆಲಸ ಬೇಕು."

"ಏನೇನೋ ಅಂದ್ರ ಏನು ತಿಳ್ಕೊಂಡಿದ್ದಿ?" ಎಂದರು. ಕೇಳಿಬಿಟ್ಟ ಮೇಲೆ ಅವರಿಗೇ ಉತ್ತರ ತಿಳಿದಿರಬೇಕು. ಕುರ್ಚಿ ಸಣ್ಣಗೆ ಕಿರುಗುಟ್ಟಿತು. "ಹೂಂ," ಎಂದರು. ಮತ್ತೆ "ಹೂಂ" ಎಂದರು. ಆ ಎರಡನೆಯ ಹೂಂಕಾರದಲ್ಲಿ ಯಾವುದೋ ಭಾರ ಇಳಿಯಿತೋ ಏರಿತೋ ಅವಳಿಗೆ ತಿಳಿಯಲಿಲ್ಲ.

ಪಟ್ಟಿಯಿಂದ ಇಬ್ಬರ ಹೆಸರನ್ನೂ ತೆಗೆಯುವುದಕ್ಕೆ ಅವರು ಅಡ್ಡಿ ಹೇಳಲಿಲ್ಲ. ಪೂರ್ತಿ ಹೊರಗೆ ಬರಬೇಕು ಎಂದಾಗ ಮಾತ್ರ, ಹಾಡು ನಡೀತೈತಲ್ಲ ಎಂದರು. ಈ ಕಂಪ್ಯೂಟರ್ ಬಂದ ದಿನದಿಂದ ಅದನ್ನು ನಡುವೆ ಕಡಿದವರಲ್ಲ. ಕರೆಂಟು ಹೋದರೆ ಅದು ದೇವರ ಕೈ, ತಾವಾಗಿ ಹೇಗೆ ಕಡಿಯುವುದು? ಅವಳಿಗೆ ಆ ಹಾಡಿನ ಮೇಲೆ ಸಿಟ್ಟಿತ್ತು. ಎರಡು ತಿಂಗಳ ಮೌನದ ಸಿಟ್ಟು. ಆದರೂ ಅವಳ ಬಾಯಿಂದ ಬಂದದ್ದು ಬೇರೆ: "ಕಡೀಬ್ಯಾಡ್ರಿ. ದನಿ ಏರಿಸ್ರಿ. ಮುಗಿಯೋ ತನಕ ಕೇಳೂಣು. ಮುಗಿದ ಮ್ಯಾಲೆ ಶಾಂತ ಮಾಡ್ರಿ."

ಅವರು ತಮ್ಮ ಹೆಸರಿಗೆ ಹೋಗಿ ದನಿ ಏರಿಸಿದರು. ಹಾಡು ನಡುವಿನಿಂದ ಕೋಣೆಗೆ ಬಂತು. ಮುದುಕನೊಬ್ಬನ ದನಿ, ತಂಬೂರಿ, ತಾಳ ಸ್ವಲ್ಪ ಹಿಂದೆ ಬೀಳುತ್ತಿತ್ತು. ಅಂಥ ಚೆಂದದ ಹಾಡೇನಲ್ಲ. ಇಷ್ಟು ದಿನ ತನ್ನ ಬೆರಳಿನ ಕೆಳಗೇ ಇದು ಹರಿಯುತ್ತಿತ್ತೇ ಎಂದುಕೊಂಡಳು. ಪಕ್ಕೀರಮ್ಮ ಬಾಗಿಲಿಗೆ ಬಂದು ನಿಂತಳು, ಪೊರಕೆ ನೆಲಕ್ಕೆ ತಾಗಿಸದೆ. ಹಾಡು ಮುಗಿಯುವ ಹೊತ್ತಿಗೆ ಕೊಟ್ರಸ್ವಾಮಿ ಸಣ್ಣಗೆ ತಾವೂ ದನಿಗೂಡಿಸುತ್ತಿದ್ದರು. ಕೊನೆಯ ಸಾಲಿನ ಮೇಲೆ ತಂಬೂರಿ ಇನ್ನೂ ನಡೆಯುತ್ತಿದ್ದಾಗ ಅವರ ಕೈ ಮೇಜಿನ ಮೇಲೆ ಒಮ್ಮೆ ಮುಟ್ಟಿತು, ಹಣೆಗೆ ಹೋಯಿತು. ಆಮೇಲೆ ಗುಂಡಿಗಳು. ಅವರು ಹೊರಗೆ ಬಂದರು, ಅವಳು ಒಳಗೆ ಹೋಗಿ ಎರಡು ಹೆಸರುಗಳನ್ನು ತೆಗೆದಳು, ಮೊದಲು ತನ್ನದನ್ನು. ತಾನೂ ಹೊರಗೆ ಬಂದು ಮತ್ತೆ ಒಳಗೆ ಹೋದಳು. ಹೆಡ್‌ಫೋನ್ ಕಿತ್ತಿಟ್ಟಳು. ತಗಡಿನ ದನಿ ಸ್ಪೀಕರಿನಿಂದ, ಕೋಣೆಗೆಲ್ಲ ಕೇಳುವ ಹಾಗೆ "ಸ್ವಾಗತ" ಎಂದಾಗ ಪಕ್ಕೀರಮ್ಮ "ಯವ್ವ, ಇದು ಮಾತಾಡ್ತತಿ!" ಎಂದಳು. ಎರಡು ತಿಂಗಳು ಅದೇ ಕೋಣೆ ಗುಡಿಸಿದವಳು.

"ಈಗ ನೀವು ನಿಮ್ಮ ಹೆಸರಿಗೆ ಹೋಗ್ರಿ ಸ್ವಾಮೇರ," ಎಂದು ಅವಳು ಎದ್ದಳು. ಅವರು ಕೂತರು. ಅವಳ ದನಿ ನಿಂತಿತು; ಅವರ ಹಾಡು ಮೊದಲಿನಿಂದ ಬಂತು. ಅವರು ಎದ್ದರು, ಅವಳು ಕೂತಳು. ಹಾಡು ಸರಿದು ನಿಂತಿತು, ಅವಳ ದನಿ ಬಂತು. "ಅರೆ ಇವನ," ಎಂದರು ಕೊಟ್ರಸ್ವಾಮಿ. ಇನ್ನೊಮ್ಮೆ ನೋಡಬೇಕೆಂದು ಅವರಿಗೆ ಆಸೆಯಾಗಿತ್ತು, ಕೇಳಲು ನಾಚಿದರು. ಅವಳೇ ಎದ್ದು ಇನ್ನೊಮ್ಮೆ ಕೂರಿಸಿದಳು.

ಬೆನಕಪ್ಪನವರ ಕೋಣೆಗೆ ಅವಳು ಗೋಡೆಯನ್ನು ಹಿಡಿಯದೆ ಹೋದಳು. ಅವರು ಸಭೆಯ ಕಾಗದಗಳನ್ನು ಜೋಡಿಸುತ್ತಿದ್ದರು.

"ಸರ, ನಿನ್ನಿ ಸಂಜಿಗೆ ನೀವು ನನ್ನ ಬಗ್ಗೆ ಮಾತಾಡಿದ್ದು ನನ್ನ ಮೈಕಿನ್ಯಾಗ ಸಿಕ್ಕಿತ್ರಿ. ಮೈಕ್ ಬೇಕಂತ ಬಿಟ್ಟಿದ್ದಲ್ಲ. ಕೇಳಿದ್ದು ಮಾತ್ರ ಬೇಕಂತನ."

"ಕದ್ದು ಕೇಳಿದೆ ಅನ್ನು."

"ಹೂನ್ರಿ."

ಆ ಹೂನ್ರಿಗೆ ಅವರು ಸಿದ್ಧವಾಗಿರಲಿಲ್ಲ. ಕಾಗದದ ಸದ್ದು ನಿಂತಿತು. "ಮತ್ತೀಗ ವಿಷಯ ಇಡಬ್ಯಾಡ ಅಂತ ಅಳಕೊಂತ ಬಂದಿಯೇನು?"

"ಇಡ್ರಿ. ನಾನು ಅಲ್ಲೇ ಇದ್ದಾಗ ಇಡ್ರಿ. ಇವತ್ತು ಫೋನಿನ್ಯಾಗ ರೆಕಾರ್ಡ್ ಮಾಡೋದು ಬ್ಯಾಡ, ಸಭಾ ನಡೀತಿದ್ದಂಗ ನಾ ಟೈಪ್ ಮಾಡ್ತೀನಿ. ಸ್ಪೀಕರ್ ಓದ್ತತಿ. ತಪ್ಪಿದ್ರ ಅಲ್ಲೇ ಹೇಳ್ಲಿ. ನನ್ನ ವಿಷಯನೂ ನಾನ ಬರೀತೀನಿ."

"ನಿನ್ನ ಕೆಲಸ ತಗಿಯೋ ಠರಾವು ನೀನ ಬರೀತಿಯಾ?" ಅವರು ನಕ್ಕರು. ಕೆಟ್ಟ ನಗುವಲ್ಲ, ದಣಿದ ಮನುಷ್ಯನ ನಗು.

"ಅದ ಅಲ್ರಿ ನನ್ನ ಕೆಲಸ?"

ಸಭೆ ದೊಡ್ಡ ಕೋಣೆಯಲ್ಲಿ. ಕಂಪ್ಯೂಟರನ್ನು ಕೊಟ್ರಸ್ವಾಮಿಯೇ ಹೊತ್ತು ತಂದು ಜೋಡಿಸಿ, ವೈರುಗಳನ್ನು ಅವಳ ಕಾಲಿಗೆ ತೊಡರದ ಹಾಗೆ ಮೇಜಿನ ಕೆಳಗೆ ಸರಿಸಿ, ಬಾಗಿಲ ಹತ್ತಿರ ಹೋಗಿ ನಿಂತರು. ಕುರ್ಚಿಗಳನ್ನು ಎಳೆದಾಡಿದ ಸದ್ದು. ಯಾರದೋ ಎಲೆ‌ಅಡಿಕೆ, ಯಾರದೋ ಹೊಸ ಚಪ್ಪಲಿಯ ರಬ್ಬರಿನ ವಾಸನೆ. ಅವಳ ಬೆರಳುಗಳು ತಣ್ಣಗಿದ್ದವು. ತಣ್ಣಗಿದ್ದರೂ ದಾರಿ ತಪ್ಪಲಿಲ್ಲ. ಮೊದಲ ವಿಷಯ, ಗೋದಾಮಿನ ಚಾವಣಿ ದುರಸ್ತಿ; ತಗಡಿನ ದನಿ ಅದನ್ನು ಓದಿದಾಗ ಕೋಣೆಯೆಲ್ಲ ಮೊದಲು ಬೆಚ್ಚಿತು, ಆಮೇಲೆ ನಕ್ಕಿತು. "ಅದು ದಕ್ಷಿಣದ ಚಾವಣಿ ಅಲ್ಲ, ಪೂರ್ವದ್ದು" ಎಂದು ಒಬ್ಬರು ಕೂಗಿದರು. ಅವಳು ತಿದ್ದಿದಳು. "ಪೂರ್ವದ" ಎಂದಿತು ದನಿ. "ಹಾಂ, ಈಗ ಬಂತು," ಎಂದರು ಅವರು, ಕಂಪ್ಯೂಟರಿಗೇ. ಅಧ್ಯಕ್ಷೆ ಶಿವಮ್ಮ "ಇಷ್ಟ ದಿನ ನಾವು ಏನ ಅಂದ್ವೋ, ಇವರು ಏನ ಬರಕೊಂಡ್ರೋ ಯಾರಿಗೆ ಗೊತ್ತಿತ್ತು" ಎಂದು ಗೊಣಗಿದರು. ಎರಡು ವಿಷಯಗಳಾದ ಮೇಲೆ ಬೆನಕಪ್ಪನವರು ಗಂಟಲು ಸರಿಮಾಡಿಕೊಂಡರು.

"ಬೆರಳಚ್ಚಿನವರ ಕೆಲಸ ಬದಲಾವಣಿ ಬಗ್ಗೆ."

ಅವಳು ಟೈಪ್ ಮಾಡಿದಳು. ದನಿ ಓದಿತು. ಅವಳ ಕಿವಿಯ ಹಿಂದೆ ಬೆವರಿನ ಒಂದು ಹನಿ ಹುಟ್ಟಿ ಕುತ್ತಿಗೆಯವರೆಗೆ ಇಳಿಯಿತು, ಅದರ ದಾರಿಯೆಲ್ಲ ಅವಳಿಗೆ ತಿಳಿಯಿತು.

"ಯಾಕ ಬದಲಾವಣಿ?" ಶಿವಮ್ಮ ಕೇಳಿದರು.

"ನಡಾವಳಿ ತಡ ಆಗಾಕ ಹತ್ತಾವ ಅಂತ..."

ಅವರ ಮಾತು ಪೂರ್ತಿ ಮುಗಿಯುವ ಮೊದಲೇ ತಗಡಿನ ದನಿ ತನ್ನ ಒಣ ರಾಗದಲ್ಲಿ ಓದಿತು: "ನಡಾವಳಿ ತಡವಾಗುತ್ತಿರುವುದರಿಂದ." ಮೂಲೆಯಲ್ಲಿ ಯಾರಿಗೋ ನಗು ತಡೆಯಲಾಗಲಿಲ್ಲ. ಇನ್ನೊಬ್ಬರಿಗೂ ಅಂಟಿತು. ಸಮತಾ ನಗಲಿಲ್ಲ. ಬೆರಳುಗಳನ್ನು ಮುಂದಿನ ಮಾತಿಗೆ ಎತ್ತಿ ಹಿಡಿದಿದ್ದಳು.

"ಕೊಟ್ರಸ್ವಾಮಿ ತಾನ ಮಾಡ್ತೀನಿ ಅಂದಾನ್ರಿ," ಎಂದರು ಬೆನಕಪ್ಪ, ದನಿ ಸ್ವಲ್ಪ ಏರಿಸಿ.

"ಅಂದಿದ್ನರಿ," ಬಾಗಿಲ ಕಡೆಯಿಂದ ಬಂತು. ಟವೆಲ್ಲಿನ ಸರಸರ. "ಈ ತಂಗೀನ ಕೇಳದ ಅಂದಿದ್ದೆ. ಆಕಿಗೆ ಒಪ್ಪಿಗಿಲ್ಲ. ಕೇಳಿದೆ ಈಗ."

ಅವಳು ಅದನ್ನೂ ಬರೆದಳು. ದನಿ ಅದನ್ನೂ ಓದಿತು. ಆಮೇಲೆ ಅವಳು ತೀರ್ಮಾನ ಬರೆಯುವ ಜಾಗಕ್ಕೆ ಬಂದು "ಠರಾವು" ಎಂದು ಟೈಪ್ ಮಾಡಿದಳು. "ಠರಾವು" ಎಂದಿತು. ಎಲ್ಲರೂ ಕಾದರು. ಹೊರಗೆ ಒಂದು ಚೀಲ ಬರಿದಾಗುತ್ತಿತ್ತು.

"ಹಂಗ ಇರ್ಲಿ ಬಿಡ್ರಿ," ಎಂದರು ಬೆನಕಪ್ಪ. "ಇದ್ದದ್ದು ಇದ್ದಂಗ ಇರ್ಲಿ. ಮುಂದಿನ ವಿಷಯಕ್ಕ ಹೋಗೂಣು."

ಅಲ್ಲಿಗೆ ಮುಗಿಸಬಹುದಿತ್ತು. ಕುರ್ಚಿ ಉಳಿದಿತ್ತು. ಮಾತು ಬೆಳೆಸದಿದ್ದರೆ ಎಲ್ಲರಿಗೂ ಒಳ್ಳೆಯದು, ಅವರ ಮುಖವೂ ಉಳಿಯುತ್ತದೆ. ಒಳ್ಳೆಯ ಹುಡುಗಿ ಎನ್ನುತ್ತಾರೆ. ಕಿಟಕಿಯ ಬಿಳಿ ಬಟ್ಟೆ ಸಂಜೆಯ ಬಣ್ಣಕ್ಕೆ ತಿರುಗುತ್ತಿತ್ತು. ಸರಳಿನವರೆಗೆ ಏರಿ ರುಮಾಲಿಗೆ ಇಳಿದ ಅಜ್ಜನ ಕೈ.

"ಹಂಗ ಬಿಟ್ಟು ಹೋಗಾಕ ಬರಂಗಿಲ್ರಿ ಸರ," ಎಂದಳು. "ವಿಷಯ ಬರದೀನಿ, ಠರಾವು ಬರೀಬೇಕು. ಏನಂತ ಬರೀಲಿ?"

"ಆಕೀನ ಮುಂದುವರೀಬೇಕು ಅಂತ ಬರಿ."

"ಆಕಿ ಅಂದ್ರ ಯಾರು ಅಂತ ಮುಂದ ಓದೋರಿಗೆ ಗೊತ್ತಾಗಬೇಕಲ್ರಿ."

ಶಿವಮ್ಮನ ಬಳೆ ಮೇಜಿಗೆ ಬಡಿಯಿತು. "ಹೆಸರು ಹೇಳೋ ಬೆನಕಪ್ಪ. ನಾಲಿಗಿಗೇನ ಆಗೈತಿ?"

ಬೆನಕಪ್ಪನವರು ಎದುರಿನ ಕಾಗದವನ್ನು ಒಮ್ಮೆ ಸರಿಸಿದರು. ಆಮೇಲೆ, ಸಂಘದಲ್ಲಿ ಅವಳು ಕೆಲಸಕ್ಕೆ ಸೇರಿದಂದಿನಿಂದ ಅವರ ಬಾಯಲ್ಲಿ ಅವಳು ಕೇಳಿರದ ಆ ಮೂರಕ್ಷರವನ್ನು ಬಿಡಿಬಿಡಿಯಾಗಿ, ಬರೆಸುವ ಹಾಗೆ ಹೇಳಿದರು. ಅವಳು ಟೈಪ್ ಮಾಡಿ, ಓದಿಸುವ ಗುಂಡಿ ಒತ್ತಿದಳು. ತಗಡಿನ ದನಿಗೆ ಮರ್ಯಾದೆಯೂ ಗೊತ್ತಿಲ್ಲ, ಕನಿಕರವೂ ಗೊತ್ತಿಲ್ಲ. ಅದು ಚಾವಣಿಯನ್ನು ಓದಿದ ಅದೇ ರಾಗದಲ್ಲಿ, ಬಾಗಿಲ ಹತ್ತಿರ ನಿಂತವರಿಗೂ ಕೇಳುವ ಹಾಗೆ ಓದಿತು: "ಬೆರಳಚ್ಚಿನ ಕೆಲಸದಲ್ಲಿ ಸಮತಾ ಅವರೇ ಮುಂದುವರಿಯತಕ್ಕದ್ದು."

"ತಪ್ಪಿದ್ರ ಹೇಳ್ರಿ," ಎಂದಳು ಸಮತಾ.

ಯಾರೂ ಹೇಳಲಿಲ್ಲ.

"ಮುಂದಿನ ವಿಷಯ?"